ಹೊನ್ನಾವರದ ಕಡಲು ಅಭಯಾರಣ್ಯವಾದರೆ ಮೀನುಗಾರನ ಗತಿಯೇನು?

ಅಭಯಾರಣ್ಯ ಎಂದರೆ ಕಣ್ಮುಂದೆ ಬರೋದು ಆನೆ, ಹುಲಿ. ಆದರೆ ಹೊನ್ನಾವರ ತಾಲೂಕಿನ ಅಪ್ಸರಕೊಂಡ-ಮುಗಳಿ ಅಭಯಾರಣ್ಯದ ಬಹುಪಾಲು ಇರುವುದು ಸಮುದ್ರದಲ್ಲಿ. ಇದು ಕರ್ನಾಟಕದ ಮೊದಲ ಕಡಲ ಅಭಯಾರಣ್ಯ, ವಿಸ್ತೀರ್ಣ ಸುಮಾರು 59 ಚದರ ಕಿ.ಮೀ. ಇಂಥ ಕಡೆ ನಿರ್ಬಂಧ ಬಂದರೆ ದೋಣಿಯವನ ಜೊತೆಗೆ ಐಸ್ ಪ್ಲಾಂಟ್, ಟೆಂಪೊ, ಬೈಕಿಗೆ ಬಾಕ್ಸ್ ಕಟ್ಟಿ ಮನೆ ಮನೆಗೆ ಮೀನು ಕೊಡುವವನ ದುಡಿಮೆಗೂ ಪೆಟ್ಟು ಬೀಳುತ್ತದೆ. ಬ್ಯಾರಿಗಳಲ್ಲಿ ಈ ವ್ಯಾಪಾರದವರು ಕಡಿಮೆಯೇನಿಲ್ಲ.

ನಿರ್ಬಂಧ ಕರಾವಳಿಗೆ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲುತ್ತವೆ. ಅದು ಕಾಲದ ನಿಷೇಧ, ಇದು ಜಾಗದ್ದು. ಲೆಕ್ಕಾಚಾರ ಒಂದೇ: ಅಂಗಡಿಯ ಬಂಡವಾಳ ಮುರಿದು ಮನೆಖರ್ಚು ಮಾಡಿದರೆ ಅಂಗಡಿ ಉಳಿಯೋದಿಲ್ಲ. ಬಲೆ ಬೀಳದ ಜಾಗದಲ್ಲಿ ಮೀನು ದೊಡ್ಡದಾಗುತ್ತದೆ. ದೊಡ್ಡ ಮೀನು ಇಡುವ ಮೊಟ್ಟೆ ಸಣ್ಣದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೆಚ್ಚಾದ ಮೀನು ಗಡಿ ದಾಟಿ ಹೊರಗಿನವರ ಬಲೆಗೂ ಬರುತ್ತದೆ.

ಇದು ಬರೀ ಮಾತಲ್ಲ. ಮೆಕ್ಸಿಕೋದ ಕಾಬೊ ಪುಲ್ಮೊದಲ್ಲಿ 1999ರಿಂದ 2009ರೊಳಗೆ ಮೀನಿನ ಒಟ್ಟು ತೂಕ ನಾಲ್ಕು ಪಟ್ಟಿಗಿಂತ ಹೆಚ್ಚು ಏರಿತು. ಹವಾಯಿಯ ದೊಡ್ಡ ರಕ್ಷಿತ ಕಡಲಿನ ಗಡಿಯ ಹತ್ತಿರ ಹಳದಿ ರೆಕ್ಕೆಯ ಟ್ಯೂನಾ ಸಿಗುವ ಪ್ರಮಾಣ ಶೇ. 54ರಷ್ಟು ಹೆಚ್ಚಿದ್ದನ್ನು 2022ರ ಅಧ್ಯಯನವೊಂದು ತೋರಿಸಿತು.

ಆದರೆ ಹವಾಯಿಯ ಲೆಕ್ಕವನ್ನು ಹೊನ್ನಾವರಕ್ಕೆ ಹಾಗೇ ಹಾಕಲಾಗದು. ಅಲ್ಲಿನದು ಸುಮಾರು 15 ಲಕ್ಷ ಚದರ ಕಿ.ಮೀ., ಇಲ್ಲಿನದು 59. ಕಲ್ಲಿನ ಸಂದಿಯಲ್ಲಿ ನೆಲೆ ನಿಲ್ಲುವ ಮುರು ಮೀನಿಗೆ ಸಣ್ಣ ಜಾಗವೂ ಆಸರೆಯೇ. ಬೂತಾಯಿ, ಬಂಗುಡೆ ಹಾಗಲ್ಲ, ಹಿಂಡು ಕಟ್ಟಿ ತಿರುಗುತ್ತವೆ. ಇವತ್ತು ಇಲ್ಲಿ, ನಾಳೆ ಗೋವಾ ಕಡೆ. ನಮ್ಮ ಮಾರುಕಟ್ಟೆ ನಡೆಯೋದೇ ಬೂತಾಯಿ, ಬಂಗುಡೆ ಮೇಲೆ. ಹಾಗಾಗಿ ಅಭಯಾರಣ್ಯ ಒಂದರಿಂದಲೇ ಬೂತಾಯಿ ರೇಟ್ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಇನ್ನು ನಷ್ಟದ ಮಾತು. ಟ್ರಾಲ್, ಪರ್ಸೀನ್ ಬೋಟಿಗೆ ಒಂದು ಜಾಗ ಹೋದರೆ ಡೀಸೆಲ್ ಸುಟ್ಟು ಇನ್ನೊಂದು ಕಡೆ ಹೋಗುವ ಶಕ್ತಿ ಇದೆ. ನಾಡದೋಣಿಯವನಿಗೆ ಇರೋದು ತೀರದ ನೀರು ಮಾತ್ರ. ಮನ್ನಾರ್ ಕೊಲ್ಲಿಯಲ್ಲಿ 1986ರಲ್ಲಿ 21 ದ್ವೀಪಗಳ ಸುತ್ತ ಕಡಲ ರಾಷ್ಟ್ರೀಯ ಉದ್ಯಾನ ಆದಾಗ ಹೆಚ್ಚು ಇಕ್ಕಟ್ಟಿಗೆ ಸಿಕ್ಕವರಲ್ಲಿ ಕೈಯಲ್ಲಿ ಕಡಲಪಾಚಿ ಕಿತ್ತು ಬದುಕುವ ಹೆಂಗಸರೂ ಇದ್ದರು. ದ್ವೀಪದ ಸುತ್ತಲಿನ ಆಳವಿಲ್ಲದ ನೀರೇ ಅವರ ಗದ್ದೆಯಾಗಿತ್ತು.

ಇಲ್ಲಿ ಯುವಕರು ತಿಳಿದಿರಬೇಕಾದ ವಿಷಯ ಒಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇದೆ: ಸಮುದ್ರವನ್ನು ಅಭಯಾರಣ್ಯಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಪಾಡಲು ಸಾಕಷ್ಟು ಕ್ರಮ ಕೈಗೊಂಡಿರಬೇಕು. ಆದ್ದರಿಂದ ಅಧಿಕಾರಿಗಳ ಮುಂದೆ ಇಡಬೇಕಾದ್ದು ಬೇಕು-ಬೇಡ ಎಂಬ ಕೂಗಲ್ಲ. ಗಡಿ ಎಲ್ಲಿ, ಯಾವ ಬಲೆಗೆ ತಡೆ, ಕೈಬಲೆ, ಗಾಳದವರಿಗೆ ಪ್ರವೇಶ ಇದೆಯೇ, ಕಾಯ್ದೆ ಹೇಳಿದ ಆ ಕ್ರಮಗಳು ಯಾವುವು ಎಂದು ಲಿಖಿತವಾಗಿ ಕೇಳಬೇಕು.