ಹಳೆ ಹಾಯಿದೋಣಿ: ಸುತ್ತಿಗೆ ಹೇಳಿದ ಬೆಲೆ

ವಾಸ್ಕೋ: ದೋಣಿಯ ಮಾಲೀಕರು ಹೇಳಿದ ಬೆಲೆ 4.5 ಲಕ್ಷ ರೂಪಾಯಿ. ಸರ್ವೇಯರ್ ಕೈಯಲ್ಲಿದ್ದ ಸಣ್ಣ ಸುತ್ತಿಗೆ ಹೇಳಿದ್ದೇ ಬೇರೆ.

ವಾಸ್ಕೋದಲ್ಲಿ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ. ಬಂದರು, ಅದಿರು, ಕಟ್ಟಡ ಕೆಲಸ ಎಂದು ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದವರ ಮೂರನೇ ತಲೆಮಾರು ಈಗ ಇಲ್ಲಿ ಶಾಲೆ ಕಲಿಯುತ್ತಿದೆ. ಇವರಲ್ಲಿ ಬೈಕು, ಟೆಂಪೋ ಕೊಂಡವರು ಬಹಳ. ಹಾಯಿದೋಣಿ ಕೊಂಡವರನ್ನು ಹುಡುಕಬೇಕು. ಅಂಥ ಒಬ್ಬರು ಡೀಸೆಲ್ ಎಂಜಿನ್ ಮೆಕ್ಯಾನಿಕ್. ತಂದೆ ಇಂಡಿ ತಾಲೂಕಿನಿಂದ ಹಮಾಲಿಗೆ ಬಂದವರು. ಹೆಸರು ಪೇಪರಿನಲ್ಲಿ ಬರುವುದು ಇವರಿಗೆ ಬೇಡ, ಏಕೆಂದರೆ ಎಷ್ಟು ದುಡ್ಡು ಹೋಯಿತು ಎಂಬುದು ಊರಿನ ಬೀಗರಿಗೆ ಇನ್ನೂ ಗೊತ್ತಿಲ್ಲ.

ಇಪ್ಪತ್ತು ವರ್ಷ ಮಂದಿಯ ದೋಣಿಗಳ ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಒಂದು ಸ್ವಂತದ್ದು ಬೇಕೆನಿಸಿತು. 26 ಅಡಿ ಉದ್ದದ ಫೈಬರ್ ಹಾಯಿದೋಣಿ, ಕಟ್ಟಿ ನಲವತ್ತು ವರ್ಷ ದಾಟಿದ್ದು, ಒಂದು ಯಾರ್ಡಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಇವರು ನೋಡಿದ್ದು ಎಂಜಿನ್. ಮುಟ್ಟಿದರೆ ತಣ್ಣಗಿತ್ತು, ಅಂದರೆ ಮಾಲೀಕರು ಮೊದಲೇ ಕಾಯಿಸಿ ಇಟ್ಟಿರಲಿಲ್ಲ. ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಆಯಿಲ್ ತೆಗೆದು ನೋಡಿದರೆ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ, ನೀರು ಸೇರಿಲ್ಲ. ಅಷ್ಟಕ್ಕೇ ಖುಷಿಯಾಗಿ 20 ಸಾವಿರ ಮುಂಗಡ ಕೊಟ್ಟು ಬಂದರು.

"ನನಗ ತಿಳಿಯೂದು ಎಂಜಿನ್ ಒಂದ. ಅದಷ್ಟ ನೋಡಿ ದೋಣಿ ನೋಡಿದ್ಯಾ ಅಂತ ತಿಳಕೊಂಡೆ" ಎನ್ನುತ್ತಾರೆ.

ಸರ್ವೇಯರ್ ಕರೆಸಲು ಹಟ ಹಿಡಿದದ್ದು ಹೆಂಡತಿ. "ಪಿ.ಎಫ್. ರೊಕ್ಕ ರೀ ಅದು. ಎಮ್ಮಿ ತಗೊಳ್ಳೂವಾಗ ಹಲ್ಲು ನೋಡ್ತಾರ, ದೋಣಿ ಹಂಗ ತರ್ತೀರೇನು?"

ಸರ್ವೇಯರ್ ಬಂದು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಡೆಕ್ಕಿನ ಮೇಲೆ ಮೊಣಕಾಲೂರಿ, ಅಂಗೈ ಅಗಲ ಜಾಗಕ್ಕೊಂದರಂತೆ ಸುತ್ತಿಗೆಯಿಂದ ಬಡಿಯುತ್ತ ಹೋದರು. ಟಣ್, ಟಣ್. ಹಾಯಿಕಂಬದ ಬುಡಕ್ಕೆ ಬಂದಾಗ ಸದ್ದು ಬದಲಾಯಿತು. ದಬ್, ದಬ್. ಒದ್ದೆ ಗೋಣಿಚೀಲ ಬಡಿದ ಹಾಗೆ.

ಈ ಕಾಲದ ಬಹಳಷ್ಟು ಫೈಬರ್ ದೋಣಿಗಳ ಡೆಕ್ಕು ಒಂದೇ ಹಲಗೆಯಲ್ಲ. ಮೇಲೊಂದು ಫೈಬರ್ ಪದರ, ಕೆಳಗೊಂದು, ನಡುವೆ ಬಾಲ್ಸಾ ಎಂಬ ಹಗುರ ಕಟ್ಟಿಗೆ ಅಥವಾ ಪ್ಲೈವುಡ್. ಬೋಲ್ಟು ಹಾಕಿದ ತೂತುಗಳ ಸೀಲು ವರ್ಷ ಕಳೆದಂತೆ ಬಿಡುತ್ತದೆ, ನೀರು ಹನಿಹನಿಯಾಗಿ ಇಳಿಯುತ್ತದೆ. ಮೇಲಿನಿಂದ ಬಣ್ಣ ಥಳಥಳ, ಒಳಗೆ ಕಟ್ಟಿಗೆ ಕೊಳೆತು ಹಿಟ್ಟು. ಇದನ್ನು ಸರಿ ಮಾಡಲು ಮೇಲಿನ ಪದರ ಕೊಯ್ದು, ಕೊಳೆತದ್ದನ್ನು ಕೆರೆದು, ಒಣಗಿಸಿ, ಹೊಸದನ್ನು ಎಪಾಕ್ಸಿಯಲ್ಲಿ ಕೂರಿಸಬೇಕು. ಕೂಲಿ ಕೊಟ್ಟು ಮಾಡಿಸಿದರೆ ದೋಣಿಗಿಂತ ದುರಸ್ತಿಯೇ ದುಬಾರಿ ಆಗುವುದುಂಟು. ಗೋವಾದ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ, ತೆರೆದ ಜಾಗದಲ್ಲಿ ಈ ಕೆಲಸದ ಮಾತೇ ಇಲ್ಲ.

ಅಂದು ಸರ್ವೇಯರ್ ತೋರಿಸಿದ್ದು ಇನ್ನೂ ಇದೆ. ಕಂಬವನ್ನು ಹಿಡಿದ ಸ್ಟೀಲ್ ತಂತಿಗಳ ಉದ್ದಕ್ಕೂ ಅರಿವೆ ಎಳೆದರು, ಎರಡು ಕಡೆ ಸಿಕ್ಕಿಕೊಂಡಿತು: ಅಲ್ಲಿ ಎಳೆ ತುಂಡಾಗಿದೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಈ ತಂತಿ ಬದಲಿಸುವುದು ರೂಢಿ. ತಂತಿ ಹರಿದರೆ ಕಂಬ ತಲೆ ಮೇಲೆ ಬೀಳುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗಿನ ತೂತುಗಳಿಗೆ ಇರುವ ವಾಲ್ವ್ ಒಂದನ್ನು ಕೆರೆದು ನೋಡಿದರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಉಪ್ಪುನೀರು ಅದರೊಳಗಿನ ಸತುವನ್ನು ತಿಂದಿದೆ ಎಂದರ್ಥ. ಅಂಥ ವಾಲ್ವ್ ಒಂದು ದಿನ ಕೈಯಲ್ಲೇ ಮುರಿದು ಬರುತ್ತದೆ. ಹಾಯಿ ಹಳೆ ಧೋತರದಷ್ಟು ಮೆತ್ತಗಾಗಿತ್ತು. ತಳದಲ್ಲಿ ನಾಲ್ಕಾರು ಗುಳ್ಳೆಗಳಿದ್ದವು, ಅವು ಅಷ್ಟು ಗಾಬರಿಯ ಸಂಗತಿ ಅಲ್ಲವಂತೆ. ಕೀಲ್ ಜೋಡಿಸಿದ ಸಂದಿಯಲ್ಲಿ ತುಕ್ಕಿನ ಕಲೆ ಇರಲಿಲ್ಲ. ಅದೊಂದು ಪುಣ್ಯ.

ಹಳೆ ದೋಣಿ ಅಂದರೆ ಕೆಟ್ಟ ದೋಣಿ ಅಂತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನಿಂದ ಹೊರಟ ಗೋಲ್ಡನ್ ಗ್ಲೋಬ್ ಸ್ಪರ್ಧೆಯ ನಿಯಮವೇ 1988ಕ್ಕೆ ಮೊದಲಿನ ವಿನ್ಯಾಸದ ದೋಣಿ ಬೇಕೆಂಬುದು. ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಅಂಥದೇ ಒಂದು 36 ಅಡಿಯ ದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತಿ 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು. ಆದರೆ ಅವರು ಹೊರಡುವ ಮುಂಚೆ ಒಂದೊಂದು ಬೋಲ್ಟನ್ನೂ ನೋಡಿಕೊಂಡು ಹೊರಟವರು. 2018ರಲ್ಲಿ ಇದೇ ಸ್ಪರ್ಧೆಯಲ್ಲಿ ಬಿರುಗಾಳಿಗೆ ಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟು ತಿಂದು, ನಡು ಹಿಂದೂ ಮಹಾಸಾಗರದಲ್ಲಿ ಮಲಗಿದ್ದವರು ಅವರೇ.

ಗಡಿ ಭಾಗದ ಓದುಗರು ತಿಳಿಯಬೇಕಾದ ಮಾತು ಇನ್ನೊಂದು. ಟಾಮಿ 2012-13ರಲ್ಲಿ ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ದೋಣಿ ಗೋವಾದಲ್ಲೇ ಕಟ್ಟಿದ್ದು, ಹೆಸರು 'ಮಾದೇಯಿ'. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅದು. ನೀರಿಗಾಗಿ ಎರಡು ರಾಜ್ಯ ಜಗಳಾಡಿದ ಹೊಳೆಯ ಹೆಸರು ಹೊತ್ತ ದೋಣಿ ಕೇಪ್ ಹಾರ್ನ್ ದಾಟಿದೆ.

ಮೆಕ್ಯಾನಿಕ್ ಕತೆಗೆ ಬಂದರೆ, ಸರ್ವೇಯರ್ ಬರೆದುಕೊಟ್ಟ ವರದಿ ಹಿಡಿದು ಹೋದಾಗ ಮಾಲೀಕರು ಮೊದಲು ಸಿಟ್ಟಾದರು. ವಾರ ಬಿಟ್ಟು ಅವರೇ ಫೋನ್ ಮಾಡಿದರು. ಕೊನೆಗೆ ಮುಂಗಡ ಸೇರಿ 2.5 ಲಕ್ಷಕ್ಕೆ ಮಾತು ಮುಗಿಯಿತು. ಸರ್ವೇಯರ್ "ಬಿಟ್ಟುಬಿಡಿ, ಮೊದಲ ದೋಣಿಗೆ ಹದಿಮೂರು ಅಡಿಯ ಎಂಟರ್‌ಪ್ರೈಸ್ ಸಾಕು" ಎಂದೇ ಹೇಳಿದ್ದರು. ಆ ಮಾತು ಸರಿಯೇ ಇತ್ತು; ಇಬ್ಬರು ಕೂರುವ ಆ ಚಿಕ್ಕ ದೋಣಿ ಕೆಟ್ಟರೆ ಅಂಗಳದಲ್ಲೇ ರಿಪೇರಿ ಆಗುತ್ತದೆ. ಇವರು ಕೇಳಲಿಲ್ಲ. ಕಾಗದದ ವಿಷಯದಲ್ಲಿ ಮಾತ್ರ ಅವಸರ ಮಾಡಲಿಲ್ಲ. ಮಾರಾಟ ಪತ್ರ, ನೋಂದಣಿ, ಹೊರದೇಶದಿಂದ ಬಂದ ದೋಣಿಯಾದ್ದರಿಂದ ಸುಂಕ ಕಟ್ಟಿದ ರಸೀತಿ, ಎಲ್ಲ ಕೈಗೆ ಬಂದ ಮೇಲೇ ಬಾಕಿ ಕೊಟ್ಟರು. ಯಾರ್ಡಿನ ಬಾಡಿಗೆ ಬಾಕಿ ಇದ್ದದ್ದು ಆಗಲೇ ಹೊರಬಿತ್ತು. ಅದನ್ನೂ ಬೆಲೆಯಲ್ಲಿ ಮುರಿದರು.

ಅದಾಗಿ ಎರಡು ಮಳೆಗಾಲ ಕಳೆದಿವೆ. ದೋಣಿ ಇನ್ನೂ ನೀರು ಮುಟ್ಟಿಲ್ಲ. ವರ್ಷದ ಖರ್ಚಿಗೆ ಕೊಂಡ ಬೆಲೆಯ ಹತ್ತರಲ್ಲೊಂದು ಪಾಲು ತೆಗೆದಿಡಬೇಕು ಎಂಬ ಲೆಕ್ಕ ಹಳೆ ದೋಣಿಗೆ ನಡೆಯುವುದಿಲ್ಲ ಎಂದು ಮೊದಲ ಆರು ತಿಂಗಳಲ್ಲೇ ಗೊತ್ತಾಯಿತು. ಡೆಕ್ಕು ಮುಗಿದಿದೆ. ತಂತಿ ಹೊಸದು ಬಂದಿದೆ. ವಾಲ್ವ್ ನಾಲ್ಕರಲ್ಲಿ ಮೂರು ಆಗಿವೆ. ಭಾನುವಾರ ಮಗಳು ಮುಖಕ್ಕೆ ಅರಿವೆ ಕಟ್ಟಿಕೊಂಡು ತಳ ಉಜ್ಜುತ್ತಾಳೆ, ಹೆಂಡತಿ ಖರ್ಚು ಬರೆಯುವ ವಹಿ ತರುತ್ತಾಳೆ.

ಇಂಡಿಯಿಂದ ಬಂದ ತಾಯಿ ಒಮ್ಮೆ ಏಣಿ ಹತ್ತಿ ಒಳಗೆ ಇಣುಕಿದರು. ಚಿಕ್ಕವರಿದ್ದಾಗ ತೆಪ್ಪದಲ್ಲಿ ಭೀಮಾ ದಾಟಿದವರು.

"ಎಲ್ಲಾ ಛಂದ ಐತಿ. ನೀರು ಒಳಗ ಬಂದ್ರ ಗೋರಿ ಹಾಕಾಕ ಏನ ಇಟ್ಟೀಯಪಾ?" ಎಂದು ಕೇಳಿದರು.

ಮಗ ಬಿಲ್ಜ್ ಪಂಪ್ ತೋರಿಸಿದ. ಬ್ಯಾಟರಿ ಇರಲಿಲ್ಲ, ಪಂಪ್ ತಿರುಗಲಿಲ್ಲ. ಮರುದಿನ ಪೇಟೆಯಿಂದ ಎರಡು ಬಕೆಟ್ ಬಂದವು.