ಕರ್ಣನಾದ: ಕಿವಿಯ ಮೊರೆತ ನಿಲ್ಲದಿದ್ದರೂ ಜನಸಂಗ ತೊರೆಯದಿರೋಣ



ಕಣ್ಣಿಗೆ ಕಾಣದ, ಪಕ್ಕದಲ್ಲಿ ಕುಳಿತವರಿಗೂ ತಿಳಿಯದ ಒಂದು ಬಾಧೆಯನ್ನು ಕುರಿತು ಈ ಸಂಚಿಕೆಯಲ್ಲಿ ವಿವರಿಸಬಯಸುತ್ತೇವೆ. ಸುತ್ತಲೂ ಯಾವ ಸದ್ದೂ ಇಲ್ಲದಿರುವಾಗ ಕಿವಿಯಲ್ಲಿ ಗುಂಯ್ ಎಂದೋ, ಜೀರುಂಡೆ ಕೂಗಿದಂತೆಯೋ, ಕುಕ್ಕರಿನ ಸೀಟಿ ಹೊಡೆದಂತೆಯೋ ಹಗಲಿರುಳು ಕೇಳಿಸುತ್ತಲೇ ಇರುವ ಈ ಬಾಧೆಯನ್ನು ಆಯುರ್ವೇದವು ಕರ್ಣನಾದವೆಂದು ಕರೆಯುತ್ತದೆ. ಆಧುನಿಕ ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಇದರಿಂದ ಪ್ರಾಣಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಇದು ಮನುಷ್ಯನನ್ನು ಮನುಷ್ಯರಿಂದ ದೂರ ಮಾಡುತ್ತದೆ. ಆ ದೂರವೇ ನಿಜವಾದ ಹಾನಿ ಎಂಬುದು ನಮ್ಮ ಅನುಭವ.

ಕೆಲವು ವರ್ಷಗಳ ಹಿಂದೆ ವಳಕಮದಿನ್ನಿಯ ಕಡೆಯಿಂದ ಒಬ್ಬ ಹಿರಿಯರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಯಂತ್ರದ ಬಳಿ ದುಡಿದವರು. ಮಗಳ ಮದುವೆಯ ದಿನ ಬೀಗರನ್ನು ಎದುರುಗೊಳ್ಳುವ ವೇಳೆಗೆ ಸರಿಯಾಗಿ ಡಿಜೆ ಸದ್ದು ಏರಿತು. ಇವರು ತಾಳಲಾರದೆ ಹಂದರ ಬಿಟ್ಟು ಹೊಲದ ದಾರಿ ಹಿಡಿದರು. ಬೀಗರು ಅದನ್ನು ಅವಮಾನವೆಂದು ತಿಳಿದರು. ಅಂದಿನಿಂದ ಇವರು ಸೋಮವಾರದ ಭಜನೆಗೂ ಹೋಗಲಿಲ್ಲ, ಕಟ್ಟೆಯ ಮೇಲೂ ಕೂಡಲಿಲ್ಲ. ಊರವರು ಸೊಕ್ಕು ಎಂದರು. ನಮ್ಮೆದುರು ಕುಳಿತು ಅವರು ಹೇಳಿದ್ದು ಇಷ್ಟೇ: "ಸಾಹೇಬ್ರ, ನಾಕು ಮಂದ್ಯಾಗ ಕುಂತ್ರ ಅವರ ಮಾತು ತಿಳಿಯಂಗಿಲ್ರೀ, ಕಿವ್ಯಾಗಿನ ಗುಂಯ್ ಅನ್ನೂದಷ್ಟ ಕೇಳ್ತೈತಿ. ಮನ್ಯಾಗ ಒಬ್ಬನ ಕುಂತ್ರ ಅದು ಇನ್ನೂ ಜೋರ ಆಗ್ತೈತಿ."

ಅವರ ಕೊನೆಯ ಮಾತಿನಲ್ಲಿಯೇ ಈ ಲೇಖನದ ಸಾರವೆಲ್ಲ ಅಡಗಿದೆ.

ಶಾಸ್ತ್ರವು ಹೇಳುವುದೇನು?

ಸುಶ್ರುತ ಸಂಹಿತೆಯ ಉತ್ತರತಂತ್ರವು ಕಿವಿಯ ರೋಗಗಳನ್ನು 28 ಎಂದು ಎಣಿಸುತ್ತದೆ. ಅವುಗಳಲ್ಲಿ ಕರ್ಣನಾದವೂ ಒಂದು. ವಾಯುವು ಶಬ್ದವಹ ಮಾರ್ಗದಲ್ಲಿ ನೆಲೆಗೊಂಡಾಗ ಭೇರಿ, ಮೃದಂಗ, ಶಂಖಗಳಂತಹ ನಾದಗಳು ಕೇಳಿಸುತ್ತವೆ ಎಂಬುದು ಅಲ್ಲಿಯ ವಿವರಣೆ. ಕೊಳಲಿನಂತಹ ಸಣ್ಣ ಧ್ವನಿ ಕೇಳಿಸುವುದನ್ನು ಕರ್ಣಕ್ಷ್ವೇಡವೆಂದು ಬೇರೆಯಾಗಿ ಹೇಳಲಾಗಿದೆ. ಅತಿಯಾದ ಶ್ರಮ, ಧಾತುಕ್ಷಯ, ರೂಕ್ಷವಾದ ಆಹಾರ ಇವು ಅದಕ್ಕೆ ಕಾರಣಗಳೆಂದಿದೆ. ನಮ್ಮ ಪೂರ್ವಿಕರಿಗೂ ಈ ಬಾಧೆ ಚೆನ್ನಾಗಿ ತಿಳಿದಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಧುನಿಕ ವಿಜ್ಞಾನದ ವಿವರಣೆ ಹೀಗಿದೆ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಹ ಒಂದು ಭಾಗವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಇವು ಸದ್ದಿನ ಕಂಪನವನ್ನು ನರದ ಸಂದೇಶವಾಗಿ ಮಾರ್ಪಡಿಸಿ ಮೆದುಳಿಗೆ ಕಳುಹಿಸುತ್ತವೆ. ವೃದ್ಧಾಪ್ಯದಿಂದಲೋ ಅತಿಯಾದ ಸದ್ದಿನಿಂದಲೋ ಈ ಕೋಶಗಳು ನಾಶವಾದರೆ ಮನುಷ್ಯರಲ್ಲಿ ಅವು ಮರಳಿ ಹುಟ್ಟುವುದಿಲ್ಲ. ಬರಬೇಕಾದ ಸಂದೇಶ ಕಡಿಮೆಯಾದಾಗ ಮೆದುಳು ತನ್ನ ಗ್ರಹಣಶಕ್ತಿಯನ್ನು ತಾನೇ ಏರಿಸಿಕೊಳ್ಳುತ್ತದೆ. ಕೇಂದ್ರ ಸಿಗದ ರೇಡಿಯೋದ ಧ್ವನಿಯನ್ನು ಏರಿಸಿದರೆ ಬರೀ ಗೊರಗೊರ ಸದ್ದು ಕೇಳುವಂತೆ, ಹೊರಗಿಲ್ಲದ ಧ್ವನಿಯೊಂದು ಒಳಗೆ ಕೇಳಿಸತೊಡಗುತ್ತದೆ. ಇದು ಭ್ರಮೆಯಲ್ಲ, ಹುಚ್ಚೂ ಅಲ್ಲ. ಕಿವಿಯಲ್ಲಿ ಗುಗ್ಗೆ ತುಂಬಿರುವುದು, ಕಿವಿ ಸೋರುವುದು, ಕೆಲವು ಔಷಧಗಳು ಸಹ ಇದಕ್ಕೆ ಕಾರಣವಾಗಬಲ್ಲವು.

2022 ರಲ್ಲಿ ಪ್ರಕಟವಾದ ಒಂದು ವಿಸ್ತೃತ ಅಧ್ಯಯನದಂತೆ ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿ ಇದನ್ನು ಅನುಭವಿಸಿದ್ದಾರೆ. ನೂರಕ್ಕೆ ಸುಮಾರು ಇಬ್ಬರಿಗೆ ಇದು ತೀವ್ರವಾಗಿ ಕಾಡುತ್ತದೆ. ಎಂದಮೇಲೆ ನಮ್ಮ ದಾಸೋಹದ ಪ್ರತಿ ಪಂಕ್ತಿಯಲ್ಲಿಯೂ ಈ ಬಾಧೆಯುಳ್ಳ ಕೆಲವರು ಮೌನವಾಗಿ ಕುಳಿತಿದ್ದಾರೆಂದು ತಿಳಿಯಬೇಕು.

ನಿಶ್ಶಬ್ದದಲ್ಲಿ ಏಕೆ ಹೆಚ್ಚುತ್ತದೆ?

1953 ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ತಜ್ಞರು ಕಿವಿ ಚೆನ್ನಾಗಿ ಕೇಳುವ 80 ಜನರನ್ನು ಒಬ್ಬೊಬ್ಬರಾಗಿ ಸದ್ದೇ ನುಸುಳದ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿದರು. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ತಮಗೆ ಏನೋ ಒಂದು ಧ್ವನಿ ಕೇಳಿಸಿತೆಂದರು. ಆರೋಗ್ಯವಂತರಿಗೇ ಹೀಗಾಗುವುದಾದರೆ, ಕರ್ಣನಾದವುಳ್ಳವರು ಜನರಿಂದ ದೂರ ಸರಿದು ಬಾಗಿಲು ಹಾಕಿಕೊಂಡರೆ ಗತಿಯೇನು? ಒಂಟಿತನದಲ್ಲಿ ಮನಸ್ಸಿಗೆ ಬೇರೆ ಆಸರೆಯಿಲ್ಲದೆ ಅದು ಆ ಮೊರೆತವನ್ನೇ ಕಾಯುತ್ತದೆ. ಕಾಯ್ದಷ್ಟೂ ಭಯ ಹುಟ್ಟುತ್ತದೆ. ಭಯ ಹುಟ್ಟಿದಷ್ಟೂ ಅದು ದೊಡ್ಡದಾಗಿ ಕೇಳಿಸುತ್ತದೆ. ನಿದ್ರೆ ಕೆಡುತ್ತದೆ, ಮರುದಿನ ಸಿಡುಕು ಹೆಚ್ಚುತ್ತದೆ, ಜನರ ಮುಖ ನೋಡುವುದೇ ಬೇಡವೆನ್ನಿಸುತ್ತದೆ. ಈ ಚಕ್ರವನ್ನು ಎಲ್ಲಿಯಾದರೂ ಕತ್ತರಿಸಲೇಬೇಕು.

ಮಹಾ ಸಂಗೀತಕಾರ ಬೀಥೋವನ್ ಕೂಡ ಈ ಚಕ್ರದಲ್ಲಿ ಸಿಲುಕಿದ್ದನು. ತನ್ನ ಕಿವಿಗಳು ಹಗಲಿರುಳು ಮೊರೆಯುತ್ತಿವೆ, ಕಿವುಡನೆಂದು ಹೇಳಿಕೊಳ್ಳಲಾರದೆ ಸುಮಾರು ಎರಡು ವರ್ಷಗಳಿಂದ ಜನಕೂಟಗಳನ್ನು ತಪ್ಪಿಸುತ್ತಿದ್ದೇನೆ ಎಂದು ಅವನು 1801 ರಲ್ಲಿ ವೈದ್ಯನಾಗಿದ್ದ ಗೆಳೆಯನಿಗೆ ಪತ್ರ ಬರೆದನು. ವಳಕಮದಿನ್ನಿಯ ಹಿರಿಯರ ಸಂಕಟವೂ ಅದೇ ಆಗಿತ್ತು. ಇಬ್ಬರಿಗೂ ಸದ್ದಿಗಿಂತ ಹೆಚ್ಚು ಭಾರವಾದುದು ಹೇಳಿಕೊಳ್ಳಲಾಗದ ಸಂಕೋಚ.

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ವೃತ್ತಿಯ ಆರಂಭದಲ್ಲಿ ಇಂತಹವರು ಬಂದಾಗ ಎರಡು ಔಷಧ ಬರೆದು, "ಅದರ ಕಡೆ ಲಕ್ಷ್ಯ ಕೊಡಬೇಡಿ" ಎಂದು ಕಳುಹಿಸಿಬಿಡುತ್ತಿದ್ದೆವು. ಅರವತ್ತು ದಾಟಿದ ಮೇಲೆ ನಮ್ಮ ಎರಡೂ ಕಿವಿಗಳಲ್ಲಿ ಆ ಮೊರೆತ ಆರಂಭವಾದಾಗಲೇ, ಲಕ್ಷ್ಯ ಕೊಡದಿರುವುದು ಬರೀ ಹೇಳಿಕೆಯಿಂದ ಆಗುವ ಕೆಲಸವಲ್ಲವೆಂದು ತಿಳಿಯಿತು. ಲಕ್ಷ್ಯಕ್ಕೆ ಬೇರೊಂದು ನೆಲೆ ಒದಗಿಸಬೇಕು. ಜನಸಂಗ ಮತ್ತು ಕಾಯಕಗಳೇ ಆ ನೆಲೆ.

ಮೊದಲು ಪರೀಕ್ಷೆ

ಕರ್ಣನಾದವುಳ್ಳ ಪ್ರತಿಯೊಬ್ಬರೂ ಒಮ್ಮೆ ಕಿವಿ, ಮೂಗು, ಗಂಟಲು ತಜ್ಞರಲ್ಲಿ ತೋರಿಸಿಕೊಂಡು ಶ್ರವಣ ಪರೀಕ್ಷೆ ಮಾಡಿಸಬೇಕು. ನಮ್ಮ ಭಾಗದವರು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದೇ ಕ್ಷೇತ್ರಕ್ಕೆ ಮೀಸಲಾದ ರಾಷ್ಟ್ರೀಯ ಸಂಸ್ಥೆ.

ಈ ಲಕ್ಷಣಗಳಿದ್ದರೆ ತಡ ಮಾಡಬಾರದು: ಒಂದೇ ಕಿವಿಯಲ್ಲಿ ಮೊರೆತ, ನಾಡಿಯ ಬಡಿತದೊಡನೆ ಏರಿಳಿಯುವ ಸದ್ದು, ತಲೆಸುತ್ತು, ಮುಖದ ಒಂದು ಪಾರ್ಶ್ವ ಸೊರಗುವುದು. ಕಿವಿಯು ಹಠಾತ್ತನೆ ಕೇಳಿಸದಂತಾದರೆ ಅದೇ ದಿನ ಆಸ್ಪತ್ರೆಗೆ ಧಾವಿಸಬೇಕು. ಮೊದಲ ಕೆಲವು ದಿನಗಳು ಕಳೆದರೆ ಚಿಕಿತ್ಸೆ ಫಲಿಸುವುದು ಕಷ್ಟ.

ಆಯುರ್ವೇದ ವೈದ್ಯರಾಗಿ ಇನ್ನೊಂದು ಎಚ್ಚರಿಕೆ ಹೇಳುವುದು ನಮ್ಮ ಕರ್ತವ್ಯ. ಮನೆಯಲ್ಲಿ ಎಣ್ಣೆ ಕಾಯಿಸಿ ಕಿವಿಗೆ ಹಾಕಬೇಡಿ. ಕರ್ಣಪೂರಣವು ಶಾಸ್ತ್ರೋಕ್ತ ಚಿಕಿತ್ಸೆಯೇ ಹೌದು, ಆದರೆ ಕಿವಿಯ ತಮಟೆ ತೂತಾಗಿದ್ದರೆ ಅದರಿಂದ ಕೇಡಾಗುತ್ತದೆ. ಕಿವಿಯ ಒಳಗನ್ನು ಪರೀಕ್ಷಿಸಿದ ವೈದ್ಯರೇ ಅದನ್ನು ನಿರ್ಧರಿಸಬೇಕು. ಮೊರೆತವನ್ನು ಖಚಿತವಾಗಿ ನಿಲ್ಲಿಸುತ್ತೇವೆ ಎಂಬ ಜಾಹೀರಾತುಗಳಿಗೆ ಹಣ ಸುರಿಯಬೇಡಿ. ಅಂತಹ ಔಷಧ ಯಾವ ಪದ್ಧತಿಯಲ್ಲಿಯೂ ಇಂದಿಗೆ ಇಲ್ಲ. ಮಲಗುವ ಮುನ್ನ ಅಂಗಾಲಿಗೆ ಎಣ್ಣೆ ತಿಕ್ಕುವುದು, ಹೊತ್ತಿಗೆ ಸರಿಯಾಗಿ ಸ್ನಿಗ್ಧವಾದ ಆಹಾರ ಸೇವಿಸುವುದು ಇವು ವಾತಶಮನಕ್ಕೂ ನಿದ್ರೆಗೂ ಒಳ್ಳೆಯವು. ಅವುಗಳಿಂದ ಅಷ್ಟನ್ನೇ ನಿರೀಕ್ಷಿಸಬೇಕು.

ಶ್ರವಣದೋಷವಿದ್ದರೆ ಶ್ರವಣ ಸಾಧನ ಧರಿಸಲು ನಾಚಬಾರದು. ಕಣ್ಣಿಗೆ ಕನ್ನಡಕದಂತೆ ಕಿವಿಗೆ ಅದು. ಹೊರಗಿನ ಮಾತು ಸ್ಪಷ್ಟವಾದಂತೆ ಅನೇಕರಿಗೆ ಒಳಗಿನ ಮೊರೆತ ಹಿಂದೆ ಸರಿಯುತ್ತದೆ.

ಜನರ ನಡುವೆ ಇರುವ ಬಗೆ

ಮೊದಲನೆಯದಾಗಿ, ಹೇಳಿಕೊಳ್ಳಿ. "ನನ್ನ ಕಿವಿಯಲ್ಲಿ ಸದಾ ಸದ್ದಿರುತ್ತದೆ, ಗದ್ದಲದಲ್ಲಿ ಮಾತು ತಿಳಿಯುವುದಿಲ್ಲ, ಎದುರಿಗೆ ಬಂದು ನಿಧಾನವಾಗಿ ಮಾತಾಡಿ" ಎಂಬ ಒಂದು ಮಾತು ಸಾಕು. ಹೇಳದಿದ್ದರೆ ಜನ ತಮಗೆ ತೋಚಿದ ಅರ್ಥ ಕಟ್ಟುತ್ತಾರೆ.

ಎರಡನೆಯದಾಗಿ, ಸ್ಥಳವನ್ನು ಆರಿಸಿಕೊಳ್ಳಿ. ಶಿವಾನುಭವ ಗೋಷ್ಠಿಯಲ್ಲಿ ಮುಂದಿನ ಸಾಲಿನಲ್ಲಿ, ಆದರೆ ಧ್ವನಿವರ್ಧಕದ ಪೆಟ್ಟಿಗೆಯಿಂದ ದೂರ ಕುಳಿತುಕೊಳ್ಳಿ. ಮಾತನಾಡುವವರ ಮುಖ ಕಾಣುವಂತಿರಲಿ. ದಾಸೋಹದಲ್ಲಿ ತಟ್ಟೆ ಲೋಟಗಳ ಸದ್ದು ಚುಚ್ಚುವುದಾದರೆ ಪಂಕ್ತಿಯ ತುದಿಯಲ್ಲಿ ಅಥವಾ ಜನ ಕಡಿಮೆಯಾದ ಕೊನೆಯ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿ.

ಮೂರನೆಯದಾಗಿ, ಹೊತ್ತನ್ನು ಆರಿಸಿಕೊಳ್ಳಿ. ಮದುವೆಯ ಮೆರವಣಿಗೆ ತಪ್ಪಿದರೆ ದೋಷವಿಲ್ಲ. ಅಕ್ಷತೆಯ ಹೊತ್ತಿಗೆ ಹೋಗಿ ವಧೂವರರನ್ನು ಹರಸಿ. ಜಾತ್ರೆಯಲ್ಲಿ ರಥ ಎಳೆಯುವ ಗದ್ದಲ ತಾಳಲಾಗದಿದ್ದರೆ ಬೆಳಗಿನ ಜಾವವೇ ದರ್ಶನ ಮಾಡಿ, ಮಧ್ಯಾಹ್ನ ಬಂಧುಗಳೊಡನೆ ಕುಳಿತುಕೊಳ್ಳಿ. ಅರ್ಧ ತಾಸಿಗೊಮ್ಮೆ ಹೊರಗೆ ಬಂದು ಹತ್ತು ನಿಮಿಷ ಮರದ ನೆರಳಿನಲ್ಲಿ ನಿಂತು ಮತ್ತೆ ಒಳಗೆ ಹೋಗಬಹುದು. ಪೂರ್ತಿ ಹೋಗದಿರುವುದಕ್ಕಿಂತ ಸ್ವಲ್ಪ ಹೊತ್ತು ಹೋಗುವುದು ಲೇಸು.

ನಾಲ್ಕನೆಯದಾಗಿ, ಕಿವಿಯನ್ನು ರಕ್ಷಿಸಿಕೊಳ್ಳಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದೆಂದು ತಜ್ಞರು ಮಿತಿ ಹಾಕಿದ್ದಾರೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ 15 ನಿಮಿಷ ಮಾತ್ರ. ಡಿಜೆ, ಹಲಗೆ, ಪಟಾಕಿಗಳ ಹತ್ತಿರ, ಭತ್ತದ ಕಟಾವು ಯಂತ್ರದ ಮೇಲೆ, ಅಕ್ಕಿ ಗಿರಣಿಯಲ್ಲಿ, ಹಟ್ಟಿಯ ಚಿನ್ನದ ಗಣಿಯಂತಹ ಕಡೆ ಬಂಡೆ ಕೊರೆಯುವಲ್ಲಿ ಇಯರ್ ಪ್ಲಗ್ ಧರಿಸಲೇಬೇಕು. ಬರೀ ಹತ್ತಿ ತುರುಕಿದರೆ ಸಾಲದು. ಆದರೆ ಮನೆಯಲ್ಲಿ, ಸಾಧಾರಣ ಮಾತುಕತೆಯಲ್ಲಿ ಕಿವಿ ಮುಚ್ಚಿಕೊಂಡೇ ಇರಬಾರದು. ಹಾಗಿದ್ದರೆ ಸಣ್ಣ ಸದ್ದೂ ಸಹಿಸದಂತಾಗುತ್ತದೆ.

ಕೂಟದಿಂದ ಮರಳಿದ ರಾತ್ರಿ ಮೊರೆತ ತುಸು ಹೆಚ್ಚೆನಿಸಬಹುದು. ಬಹುಪಾಲು ಒಂದೆರಡು ದಿನಗಳಲ್ಲಿ ಅದು ಇಳಿಯುತ್ತದೆ. ಅದಕ್ಕೆ ಹೆದರಿ ಮುಂದಿನ ಕೂಟವನ್ನು ಬಿಡಬೇಡಿ. ಮಲಗುವಾಗ ಫ್ಯಾನಿನ ಸದ್ದೋ ತಂಬೂರಿಯ ಮೆಲುಶ್ರುತಿಯೋ ಇರಲಿ.

ಪೂಜೆಯ ವೇಳೆ

ಇಷ್ಟಲಿಂಗ ಪೂಜೆಗೆ ಕುಳಿತಾಗಲೇ ಮೊರೆತ ಹೆಚ್ಚು ಕಾಡುತ್ತದೆಂದು ಅನೇಕ ಭಕ್ತರು ನಮ್ಮಲ್ಲಿ ಹೇಳಿದ್ದಾರೆ. ಕೆಲವರು ಅದನ್ನು ಅನಾಹತ ನಾದವೆಂದು ತಿಳಿದು ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡುತ್ತಾರೆ. ಕೆಲವರು ಅಪಶಕುನವೆಂದು ಹೆದರುತ್ತಾರೆ. ಎರಡೂ ಸಲ್ಲದು. ಕಿವಿಯ ಬಾಧೆಯನ್ನು ಕಿವಿಯ ಬಾಧೆಯೆಂದೇ ತಿಳಿಯಬೇಕು. ಪೂಜೆಯ ಕೋಣೆಯ ಕಿಟಕಿ ತೆರೆದು ಹಕ್ಕಿಗಳ, ಬೀದಿಯ ಸಹಜ ಸದ್ದು ಒಳಬರುವಂತೆ ಮಾಡಿ. ಮಂತ್ರವನ್ನು ಮನಸ್ಸಿನಲ್ಲಿ ಜಪಿಸುವ ಬದಲು ಮೆಲುದನಿಯಲ್ಲಿ ಉಚ್ಚರಿಸಿ. ಮೊರೆತದೊಡನೆ ಹೋರಾಡದೆ ಅದನ್ನು ಇರಗೊಟ್ಟು ಪೂಜೆ ಮುಂದುವರಿಸಿ.

ಮನೆಯವರಿಗೆ ಮತ್ತು ಊರವರಿಗೆ

"ಅದೇನೂ ಇಲ್ಲ, ನಿಮ್ಮ ಭ್ರಮೆ" ಎನ್ನಬೇಡಿ. ಹಿಂದಿನಿಂದ ಕೂಗಬೇಡಿ. ಟಿವಿ ಆರಿಸಿ, ಎದುರಿಗೆ ಬಂದು ಮಾತಾಡಿ. "ಈಗ ಸದ್ದು ಹೇಗಿದೆ?" ಎಂದು ಗಳಿಗೆಗೊಮ್ಮೆ ಕೇಳಿ ಅದನ್ನು ನೆನಪಿಸಬೇಡಿ, ಬದಲಿಗೆ ಒಂದು ಕೆಲಸ ಹೇಳಿ, ಒಂದು ಸಲಹೆ ಕೇಳಿ. ಯಾರಾದರೂ ಬದುಕೇ ಬೇಡವೆನ್ನುವಷ್ಟು ಕುಗ್ಗಿದರೆ ಒಬ್ಬರನ್ನೇ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು.

ಊರ ಹಿರಿಯರಲ್ಲಿ ಒಂದು ವಿನಂತಿ. 2000 ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ 10 ರಿಂದ ಬೆಳಿಗ್ಗೆ 6 ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ಅನುಮತಿಯಿಲ್ಲ. ಮದುವೆ, ಜಾತ್ರೆಗಳಲ್ಲಿ ಸದ್ದನ್ನು ತಗ್ಗಿಸಿದರೆ ಸಂಭ್ರಮ ತಗ್ಗುವುದಿಲ್ಲ. ದೂರ ಸರಿದ ಹಿರಿಯರು ಮರಳಿ ಹಂದರದೊಳಗೆ ಬರುತ್ತಾರೆ.

ವಳಕಮದಿನ್ನಿಯ ಹಿರಿಯರ ಕಿವಿಯ ಗುಗ್ಗೆಯನ್ನು ತಜ್ಞರು ತೆಗೆದರು. ಎರಡೂ ಕಿವಿಗಳಿಗೆ ಶ್ರವಣ ಸಾಧನ ಬಂದಿತು. ವಾರಕ್ಕೆ ಒಂದು ಕೂಟಕ್ಕಾದರೂ ಹೋಗಬೇಕೆಂದು ನಾವು ವಿಧಿಸಿದೆವು. ಮೊದಲು ಮಗಳನ್ನು ಕರೆದುಕೊಂಡು ಬೀಗರ ಮನೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದರು. ಅವರ ಬೀಗರು ಎಲ್ಲವನ್ನೂ ಕೇಳಿ, ತಮ್ಮ ತಾಯಿಗೂ ಹೀಗೆಯೇ ಆಗುತ್ತಿತ್ತು, ತಾವು ಯಾರೂ ನಂಬಿರಲಿಲ್ಲ ಎಂದರಂತೆ. ಹಿರಿಯರ ಮೊರೆತ ಇಂದಿಗೂ ನಿಂತಿಲ್ಲ. ಆದರೆ ಸೋಮವಾರದ ಭಜನೆಯಲ್ಲಿ ಅವರಿಗಾಗಿ ಬಾಗಿಲ ಬಳಿ ಒಂದು ಸ್ಥಳವನ್ನು ಊರವರು ಬಿಟ್ಟಿರುತ್ತಾರೆ.

ಅಂತಹ ಒಂದು ಸ್ಥಳವನ್ನು ನಾವೂ ನಮ್ಮ ನಮ್ಮ ಕೂಟಗಳಲ್ಲಿ ಬಿಡೋಣ.