ಫ್ಲೈಟ್ ಮೋಡ್‌ನಲ್ಲಿ ಬ್ಲೂಟೂತ್‌ಗೆ ಮಾತ್ರ ಯಾಕೆ ರಿಯಾಯಿತಿ?

ಫೋನಿನಲ್ಲಿ ಫ್ಲೈಟ್ ಮೋಡ್ ಹಾಕಿ. ಆಮೇಲೆ ಬ್ಲೂಟೂತ್ ಬಟನ್ ಒತ್ತಿ. ಆರಾಮಾಗಿ ಆನ್ ಆಗುತ್ತೆ. ಆಂಡ್ರಾಯ್ಡ್ 11ರಿಂದ ಈಚೆಗಂತೂ ಇಯರ್‌ಬಡ್ಸ್ ಕನೆಕ್ಟ್ ಆಗಿರುವಾಗ ಫ್ಲೈಟ್ ಮೋಡ್ ಹಾಕಿದ್ರೆ ಬ್ಲೂಟೂತ್ ಆಫ್ ಆಗೋದೇ ಇಲ್ಲ. ರೇಡಿಯೋ ತರಂಗ ಹೊರಗೆ ಬಿಡಬಾರದು ಅಂತ ತಾನೇ ಈ ಮೋಡ್ ಇರೋದು? ಬ್ಲೂಟೂತ್ ಕೂಡ ರೇಡಿಯೋನೇ ಅಲ್ವಾ? ಇಂಟರ್ನ್‌ಶಿಪ್ಪು, ಹ್ಯಾಕಥಾನು ಅಂತ ಮೊದಲ ಸಲ ವಿಮಾನ ಹತ್ತುವ ಎಲ್ಲರಿಗೂ ಬರೋ ಪ್ರಶ್ನೆ ಇದು. ಸಾಮಾನ್ಯವಾಗಿ ಸಿಗೋ ಉತ್ತರ, "ಅದರ ಪವರ್ ತುಂಬಾ ಕಮ್ಮಿ, ಏನೂ ಆಗಲ್ಲ ಬಿಡು." ಈ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದ ಅರ್ಧ ವಿಮಾನದ ಕಡೆ ಇದೆ, ಅದನ್ನ ಯಾರೂ ಹೇಳೋದಿಲ್ಲ.

ಮೊದಲು ಎಲ್ಲರಿಗೂ ಗೊತ್ತಿರೋ ಅರ್ಧವನ್ನೇ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಬ್ಲೂಟೂತ್‌ನಲ್ಲಿ ಪವರ್ ಪ್ರಕಾರ ಕ್ಲಾಸ್‌ಗಳಿವೆ. ಕ್ಲಾಸ್ 1ಕ್ಕೆ ಗರಿಷ್ಠ 100 ಮಿಲಿವ್ಯಾಟ್, ಕ್ಲಾಸ್ 2ಕ್ಕೆ 2.5, ಕ್ಲಾಸ್ 3ಕ್ಕೆ 1. ಹೆಡ್‌ಫೋನ್‌ಗಳು ಬಹಳ ಕಾಲದಿಂದ ಕ್ಲಾಸ್ 2. ಈಗಿನ ಕೆಲವು ಚಿಪ್‌ಗಳು ಕ್ಲಾಸ್ 1 ಆಗಿದ್ರೂ ಅವಕ್ಕೆ ಪವರ್ ಕಂಟ್ರೋಲ್ ಕಡ್ಡಾಯ, ಅಂದ್ರೆ ಹತ್ತಿರದಲ್ಲಿದ್ರೆ ಮೆಲ್ಲಗೆ ಮಾತಾಡಬೇಕು. ಇದಕ್ಕೆ ಹೋಲಿಸಿದ್ರೆ 4ಜಿ ಫೋನ್ ಗರಿಷ್ಠ 200 ಮಿಲಿವ್ಯಾಟ್ ಬಿಡುತ್ತೆ, ಕ್ಲಾಸ್ 2 ಹೆಡ್‌ಫೋನಿನ 80 ಪಟ್ಟು. ಹಳೇ 2ಜಿ ಫೋನ್ 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೂ ಹೋಗ್ತಿತ್ತು, ಅಂದ್ರೆ 800 ಪಟ್ಟು.

ಅಂಕಿಗಿಂತ ಮುಖ್ಯವಾದದ್ದು ಇವೆರಡರ ಸ್ವಭಾವ. ಫೋನ್ ಮಾತಾಡಬೇಕಾಗಿರೋದು ಕಿಲೋಮೀಟರ್‌ಗಟ್ಟಲೆ ದೂರದ ಟವರ್ ಜೊತೆ. ವಿಮಾನ ಮೇಲೇರಿದ ಹಾಗೆ ಸಿಗ್ನಲ್ ಕಮ್ಮಿ ಆಗುತ್ತೆ, ಫೋನ್ ಇನ್ನೂ ಜೋರಾಗಿ ಕೂಗುತ್ತೆ. ಹೆಡ್‌ಫೋನ್‌ಗೆ ಬೇಕಾಗಿರೋದು ಜೇಬಿನಿಂದ ಕಿವಿಗೆ, ಅಷ್ಟೇ. ಅದು ನೆಲದ ಮೇಲೂ ಅಷ್ಟೇ ದೂರ, 35 ಸಾವಿರ ಅಡಿ ಮೇಲೂ ಅಷ್ಟೇ ದೂರ. ಒಂದು ಮೀಟರ್‌ನಲ್ಲಿ 2.4 ಗಿಗಾಹರ್ಟ್ಸ್ ಸಿಗ್ನಲ್ ಸುಮಾರು 40 ಡಿಬಿ ಬಿದ್ದು ಹೋಗುತ್ತೆ. 4 ಡಿಬಿಎಂ ಕಳಿಸಿದ್ರೆ ಮೈನಸ್ 36 ಸಿಗುತ್ತೆ. ರಿಸೀವರ್‌ಗೆ ಸ್ಟ್ಯಾಂಡರ್ಡ್ ಕೇಳೋದು ಮೈನಸ್ 70ನ್ನ ಹಿಡಿಯೋ ಸಾಮರ್ಥ್ಯ. ನಡುವೆ ನಮ್ಮ ದೇಹ ಬಂದ್ರೆ (ನಾವು ಬಹುಪಾಲು ನೀರು, ನೀರು ಈ ತರಂಗವನ್ನ ಚೆನ್ನಾಗಿ ಹೀರುತ್ತೆ) ಇನ್ನಷ್ಟು ಹೋಗುತ್ತೆ, ಆದ್ರೂ ಕೆಲಸ ನಡೆಯುತ್ತೆ. ಕೂಗೋ ಅಗತ್ಯನೇ ಇಲ್ಲ.

ಇನ್ನು ಫ್ರೀಕ್ವೆನ್ಸಿ. ಪೈಲಟ್ ಮತ್ತು ಕಂಟ್ರೋಲ್ ಟವರ್ ಮಾತಾಡೋದು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ. ಅದಕ್ಕಿಂತ ಕೆಳಗೆ 108ರಿಂದ 118ರವರೆಗೆ ದಾರಿ ತೋರಿಸೋ ವಿಒಆರ್ ಮತ್ತು ರನ್‌ವೇ ಮಧ್ಯಕ್ಕೆ ಸರಿಯಾಗಿ ಇಳಿಸೋ ಐಎಲ್‌ಎಸ್. ಇಳಿಯೋ ಕೋನ ಹೇಳೋ ಗ್ಲೈಡ್ ಸ್ಲೋಪ್ 330ರ ಆಸುಪಾಸು. ಟ್ರಾನ್ಸ್‌ಪಾಂಡರ್ 1030 ಮತ್ತು 1090. ಜಿಪಿಎಸ್ 1575.42. ನೆಲದಿಂದ ಎಷ್ಟು ಎತ್ತರ ಅಂತ ಅಳೆಯೋ ರೇಡಿಯೋ ಆಲ್ಟಿಮೀಟರ್ 4.2ರಿಂದ 4.4 ಗಿಗಾಹರ್ಟ್ಸ್. ಬ್ಲೂಟೂತ್ ಇರೋದು 2400ರಿಂದ 2483.5 ಮೆಗಾಹರ್ಟ್ಸ್‌ನಲ್ಲಿ, ಇವುಗಳಲ್ಲಿ ಯಾವುದರ ಮನೆ ಬಾಗಿಲಲ್ಲೂ ಅಲ್ಲ. ಎರಡನೇ ಹಾರ್ಮಾನಿಕ್ ತಗೊಂಡ್ರೂ 4.8 ಗಿಗಾಹರ್ಟ್ಸ್ ದಾಟುತ್ತೆ, ಆಲ್ಟಿಮೀಟರ್‌ಗೆ ತಾಗಲ್ಲ. ಕ್ಲಾಸಿಕ್ ಬ್ಲೂಟೂತ್ ಒಂದೇ ಕಡೆ ನಿಲ್ಲೋದೂ ಇಲ್ಲ. ಸೆಕೆಂಡಿಗೆ 1600 ಸಲ, 79 ಚಾನೆಲ್‌ಗಳ ನಡುವೆ ಕುಪ್ಪಳಿಸ್ತಾ ಇರುತ್ತೆ.

ಇಲ್ಲಿಗೆ "ಏನೂ ಆಗಲ್ಲ" ಅನ್ನೋರ ವಾದ ಮುಗೀತು. ಪವರ್ ಕಮ್ಮಿ, ಫ್ರೀಕ್ವೆನ್ಸಿ ಬೇರೆ. ಇದೇ ಲಾಜಿಕ್ ಹಿಡ್ಕೊಂಡು ಇನ್ನೊಂದು ಸಾಧನವನ್ನ ನೋಡಿ: ಮಾಮೂಲಿ ಎಫ್‌ಎಂ ರೇಡಿಯೋ. ಅದು ಟ್ರಾನ್ಸ್‌ಮಿಟರೇ ಅಲ್ಲ, ಬರೀ ರಿಸೀವರ್. ಕೇಳೋದು ಬಿಟ್ರೆ ಬೇರೇನೂ ಮಾಡಲ್ಲ. ಅದರಿಂದ ವಿಮಾನಕ್ಕೆ ಏನು ತೊಂದರೆ?

ಇದೆ. ವಿಮಾನದಲ್ಲಿ ಎಲೆಕ್ಟ್ರಾನಿಕ್ ಸಾಧನ ಬೇಡ ಅನ್ನೋ ಅಮೆರಿಕದ ನಿಯಮ 1960ರ ದಶಕದಲ್ಲಿ ಶುರುವಾಗಿದ್ದೇ ಪ್ರಯಾಣಿಕರ ಎಫ್‌ಎಂ ರೇಡಿಯೋಗಳಿಂದ. ಸೂಪರ್‌ಹೆಟರೋಡೈನ್ ರಿಸೀವರ್ ಓದಿರೋ ಇಸಿಯವರಿಗೆ ತಕ್ಷಣ ಹೊಳೆಯುತ್ತೆ, ಉಳಿದವರಿಗೆ ಚಿಕ್ಕದಾಗಿ ಹೇಳ್ತೀನಿ. ಬಂದ ಸಿಗ್ನಲನ್ನ ಎಫ್‌ಎಂ ಸೆಟ್ ನೇರವಾಗಿ ಬಳಸೋದಿಲ್ಲ. ಒಳಗೇ ಒಂದು ಆಸಿಲೇಟರ್ ಇಟ್ಕೊಂಡು, ಅದರ ಜೊತೆ ಮಿಕ್ಸ್ ಮಾಡಿ, 10.7 ಮೆಗಾಹರ್ಟ್ಸ್‌ಗೆ ಇಳಿಸ್ಕೊಳ್ಳುತ್ತೆ. ಅದಕ್ಕಾಗಿ ಆಸಿಲೇಟರ್ ಸಾಮಾನ್ಯವಾಗಿ ಸ್ಟೇಷನ್‌ಗಿಂತ 10.7 ಮೇಲೆ ಓಡ್ತಾ ಇರುತ್ತೆ. ಬೆಂಗಳೂರಿನ ಆಕಾಶವಾಣಿ ಎಫ್‌ಎಂ ರೇನ್‌ಬೋ 101.3ಕ್ಕೆ ಟ್ಯೂನ್ ಮಾಡಿ: 101.3ಕ್ಕೆ 10.7 ಸೇರಿಸಿದ್ರೆ ಸರಿಯಾಗಿ 112.0. ಮೇಲಿನ ಪಟ್ಟಿ ಮತ್ತೆ ನೋಡಿ, 112 ಇರೋದು ವಿಒಆರ್ ಪಟ್ಟಿಯ ನಡುಮನೆಯಲ್ಲಿ! ಆಸಿಲೇಟರ್‌ಗೆ ಸರಿಯಾದ ಶೀಲ್ಡಿಂಗ್ ಇಲ್ಲದಿದ್ರೆ ಆ ಸಿಗ್ನಲ್ ಸೋರುತ್ತೆ. ಬರೀ ಹಾಡು ಕೇಳ್ತಿರೋ ಪ್ರಯಾಣಿಕ ದಾರಿ ತೋರಿಸೋ ಫ್ರೀಕ್ವೆನ್ಸಿಯಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಕೊಂಡು ಕೂತಿರ್ತಾನೆ, ಅವನಿಗೇ ಗೊತ್ತಿಲ್ದೆ.

ಅಂದ್ರೆ ಡಬ್ಬದ ಮೇಲೆ ಬರೆದಿರೋ ಫ್ರೀಕ್ವೆನ್ಸಿ ನೋಡಿ ಸಾಧನ ಸೇಫ್ ಅಂತ ತೀರ್ಮಾನ ಮಾಡೋಕಾಗಲ್ಲ. ಬೇಕು ಅಂತ ಬಿಡೋ ಸಿಗ್ನಲ್ ಒಂದು, ಕ್ಲಾಕ್‌ನಿಂದ, ಸ್ವಿಚಿಂಗ್ ಸರ್ಕ್ಯೂಟ್‌ನಿಂದ ಸೋರೋದು ಇನ್ನೊಂದು. ಉಲ್ಟಾ ದಿಕ್ಕಿನಲ್ಲೂ ಇದೇ ಕಥೆ: ಸಿಗ್ನಲ್ ತಗೊಳ್ಳೋ ಕಡೆ ಆಂಟೆನಾನೇ ಇರಬೇಕು ಅಂತಿಲ್ಲ. 2ಜಿ ಫೋನನ್ನ ಸ್ಪೀಕರ್ ಪಕ್ಕ ಇಟ್ಟಾಗ ಕಾಲ್ ಬರೋ ಮುಂಚೆ "ಡಿಗ್ ಡಿಗ್ ಡರ್ರ್" ಅಂತಿತ್ತು, ನೆನಪಿದ್ಯಾ? ಸ್ಪೀಕರ್ 900 ಮೆಗಾಹರ್ಟ್ಸ್ ರಿಸೀವರ್ ಅಲ್ಲ. ಆದ್ರೂ ಫೋನ್ ಸೆಕೆಂಡಿಗೆ ಸುಮಾರು 217 ಸಲ ಪವರ್ ಆನ್-ಆಫ್ ಮಾಡ್ತಿತ್ತು, ವೈರ್ ಅದನ್ನ ಹಿಡೀತಿತ್ತು, ಆಂಪ್ಲಿಫೈಯರ್ ಅದನ್ನ ಸದ್ದು ಮಾಡ್ತಿತ್ತು. ಅದೇ ಸದ್ದು ಪೈಲಟ್ ಹೆಡ್‌ಸೆಟ್‌ನಲ್ಲಿ, ಟವರ್ ಲ್ಯಾಂಡಿಂಗ್ ಸೂಚನೆ ಕೊಡ್ತಿರೋ ಹೊತ್ತಿನಲ್ಲಿ ಬಂದ್ರೆ ಹೇಗಿರುತ್ತೆ ಯೋಚಿಸಿ.

ಸರಿ, ಇದು 2ಜಿ ಕಥೆ, 2.4 ಗಿಗಾಹರ್ಟ್ಸ್‌ಗೂ ಇದಕ್ಕೂ ಏನು ಸಂಬಂಧ ಅಂತೀರಾ? ವಿಮಾನದೊಳಗೆ ವೈಫೈ ಹಾಕೋ ಮುಂಚೆ ಟೆಸ್ಟ್ ಮಾಡ್ತಾರೆ. ಹಾಗೆ ನೆಲದ ಮೇಲೆ ಮಾಡಿದ ಟೆಸ್ಟ್‌ಗಳಲ್ಲಿ ಹನಿವೆಲ್ ಕಂಪನಿಯ ಒಂದು ಮಾದರಿಯ ಕಾಕ್‌ಪಿಟ್ ಡಿಸ್ಪ್ಲೇಗಳು ಖಾಲಿಯಾದವು. ವೇಗ, ಎತ್ತರ ತೋರಿಸೋ ಸ್ಕ್ರೀನ್‌ಗಳು ಅವು. 2014ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ, ಆ ಡಿಸ್ಪ್ಲೇ ಇರೋ ಬೋಯಿಂಗ್ 737 ಮತ್ತು 777 ವಿಮಾನಗಳಲ್ಲಿ ಅವನ್ನ ಬದಲಾಯಿಸಬೇಕು ಅಂತ ಆದೇಶ ಮಾಡ್ತು. ವೈಫೈ ಮತ್ತು ಬ್ಲೂಟೂತ್ 2.4ರ ಅದೇ ಬ್ಯಾಂಡ್ ಹಂಚಿಕೊಳ್ಳೋವು. ಇಯರ್‌ಬಡ್ಸ್ ಹಾಕಿದ್ರೆ ಸ್ಕ್ರೀನ್ ಆರಿ ಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಪವರ್ ಲೆವೆಲ್ ಬೇರೆ, ದೂರ ಬೇರೆ. ಆದರೆ "2.4 ಗಿಗಾಹರ್ಟ್ಸ್ ವಿಮಾನಕ್ಕೆ ಸಂಬಂಧನೇ ಇಲ್ಲ" ಅನ್ನೋ ಮಾತು ನಿಲ್ಲಲ್ಲ. ಸಂಬಂಧ ಇದೆಯೋ ಇಲ್ವೋ ಅಂತ ಗೊತ್ತಾಗಿದ್ದೇ ಟೆಸ್ಟ್ ಮಾಡಿದ್ದಕ್ಕೆ.

ನನ್ನ ಪ್ರಕಾರ ಉತ್ತರದ ಉಳಿದರ್ಧ ಇದು: ಬ್ಲೂಟೂತ್‌ಗೆ ಸಿಕ್ಕಿರೋ ರಿಯಾಯಿತಿ ನಮ್ಮ ಇಯರ್‌ಬಡ್ಸ್‌ನ ಒಳ್ಳೇತನಕ್ಕೆ ಸಿಕ್ಕಿದ್ದಲ್ಲ, ವಿಮಾನದ ಗಟ್ಟಿತನಕ್ಕೆ ಸಿಕ್ಕಿದ್ದು. ಆರ್ಡರ್ ಮಾಡಿ ತರಿಸ್ಕೊಂಡ ಆರುನೂರು ರೂಪಾಯಿ ಬಡ್ಸ್ ಏನೇನು ಸೋರುತ್ತೆ ಅಂತ ಯಾವ ಏರ್‌ಲೈನೂ ಒಂದೊಂದಾಗಿ ಪರೀಕ್ಷೆ ಮಾಡೋಕಾಗಲ್ಲ. ಹಾಗಾಗಿ ಕೆಲಸವನ್ನ ತಿರುವಿ ಹಾಕಿದ್ರು. ಪ್ರಯಾಣಿಕರ ಸಾಧನ ಹೀಗೇ ಇರಬೇಕು ಅನ್ನೋ ಬದಲು, ಒಳಗೆ ನೂರೆಂಟು ಸಾಧನ ಆನ್ ಇದ್ರೂ ಕೆಡದ ಹಾಗೆ ವಿಮಾನ ಇರಬೇಕು ಅಂದ್ರು. ಅದಕ್ಕೆ ಅಂತಲೇ ಡಿಒ-307 ಅನ್ನೋ ಸ್ಟ್ಯಾಂಡರ್ಡ್ ಇದೆ. ವೈರಿಂಗ್‌ನ ಶೀಲ್ಡಿಂಗ್, ರಿಸೀವರ್ ಆಂಟೆನಾ ಮತ್ತು ಕ್ಯಾಬಿನ್ ನಡುವಿನ ಐಸೊಲೇಶನ್, ಎಲ್ಲದಕ್ಕೂ ಇಷ್ಟು ಬೇಕು ಅಂತ ಲೆಕ್ಕ. ವಿಮಾನದ ಲೋಹದ ಮೈ ಫ್ಯಾರಡೇ ಕೇಜ್ ತರಹ ಸ್ವಲ್ಪ ಕಾಪಾಡುತ್ತೆ, ಆದರೆ ಕಿಟಕಿಗಳಿವೆಯಲ್ಲ, ಅಲ್ಲಿಂದ ಹೊರಬಿದ್ದ ಸಿಗ್ನಲ್ ಹೊರಮೈ ಹಿಡಿದು ಆಂಟೆನಾವರೆಗೆ ಹೋಗಬಹುದು. ಅದನ್ನೂ ಅಳೀತಾರೆ. ಜಿಪಿಎಸ್ ಸಿಗ್ನಲ್ ಭೂಮಿಗೆ ತಲುಪೋದು ಸುಮಾರು ಮೈನಸ್ 130 ಡಿಬಿಎಂ. 4 ಡಿಬಿಎಂ ಬ್ಲೂಟೂತ್ ಅದರ ಸುಮಾರು 25 ಲಕ್ಷ ಕೋಟಿ ಪಟ್ಟು! ಇಂಥ ವ್ಯತ್ಯಾಸ ಇರುವಾಗ ನಡುವಿನ ಫಿಲ್ಟರ್ ಚೆನ್ನಾಗಿದೆ ಅಂತ ನಂಬಿದ್ರೆ ಸಾಲದು, ನೋಡಲೇಬೇಕು.

ಇದರ ಬೀಜ ಅಮೆರಿಕದ ಹಳೇ ನಿಯಮದಲ್ಲೇ ಇದೆ. ಹಿಯರಿಂಗ್ ಏಡ್, ಪೇಸ್‌ಮೇಕರ್, ವಾಯ್ಸ್ ರೆಕಾರ್ಡರ್, (ಯಾಕೋ ಗೊತ್ತಿಲ್ಲ, ನಗು ಬರುತ್ತೆ) ಎಲೆಕ್ಟ್ರಿಕ್ ಶೇವರ್, ಇಷ್ಟಕ್ಕೆ ನೇರ ವಿನಾಯಿತಿ. ಉಳಿದದ್ದಕ್ಕೆಲ್ಲ ವಿಮಾನ ನಡೆಸೋರೇ ತೊಂದರೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಬಿಡಬೇಕು. 2013ರ ಅಕ್ಟೋಬರ್ 31ಕ್ಕೆ ಎಫ್‌ಎಎ, ಹಾಗೆ ಖಾತ್ರಿಯಾದ ವಿಮಾನಗಳಲ್ಲಿ ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗೂ ಸಾಧನ ಬಳಸಬಹುದು, ಸೆಲ್ಯುಲಾರ್ ಮಾತ್ರ ಬೇಡ, ಬ್ಲೂಟೂತ್ ಪರವಾಗಿಲ್ಲ ಅಂತು. ನಮ್ಮ ಡಿಜಿಸಿಎ 2014ರ ಏಪ್ರಿಲ್‌ನಲ್ಲಿ ಫ್ಲೈಟ್ ಮೋಡ್‌ನಲ್ಲಿ ಬಳಕೆಗೆ ಒಪ್ಪಿಗೆ ಕೊಡ್ತು. ಹಾಗಾಗಿ ಒಂದು ಏರ್‌ಲೈನ್ ಬಿಟ್ಟದ್ದನ್ನ ಇನ್ನೊಂದು ಬೇಡ ಅನ್ನಬಹುದು. ಕ್ರೂ ಬಂದು "ಆಫ್ ಮಾಡಿ ಸರ್" ಅಂದಾಗ ಅವರಿಗೆ ಮೆಗಾಹರ್ಟ್ಸ್ ಲೆಕ್ಚರ್ ಕೊಡಬೇಡಿ. ಆ ವಿಮಾನದ ಬಗ್ಗೆ ಅವರ ಹತ್ತಿರ ಇರೋ ಮಾಹಿತಿ ನಮ್ಮ ಹತ್ತಿರ ಇಲ್ಲ.

ಸೆಲ್ಯುಲಾರ್ ಬ್ಯಾನ್‌ಗೆ ಇನ್ನೊಂದು ಕಾರಣವೂ ಇತ್ತು. ಅಮೆರಿಕದ ಟೆಲಿಕಾಂ ನಿಯಂತ್ರಕರು 1991ರಲ್ಲಿ ಹಾರಾಟದಲ್ಲಿ ಮೊಬೈಲ್ ಬೇಡ ಅಂದದ್ದು ಕೆಳಗಿನ ಟವರ್‌ಗಳಿಗೋಸ್ಕರ. ಮೇಲಿಂದ ಒಂದೇ ಫೋನ್ ಹತ್ತಾರು ಟವರ್‌ಗೆ ಏಕಕಾಲಕ್ಕೆ ಕಾಣುತ್ತೆ. ಬ್ಲೂಟೂತ್ ವಿಷಯದಲ್ಲಿ ಆ ಪ್ರಶ್ನೆಯೇ ಬರಲ್ಲ.

ಈಗ ಸ್ವಲ್ಪ ಉಪಯೋಗಕ್ಕೆ ಬರೋ ಮಾತು. ಎಂಎಸ್‌ಗೆ ಅಂತ ದೂರ ಹೋಗೋ ಸೀನಿಯರ್‌ಗಳಿಗೆ ಸೀಟಿನ ಹಿಂದೆ ಸ್ಕ್ರೀನ್ ಸಿಗುತ್ತೆ, ಆದರೆ ತುಂಬಾ ವಿಮಾನಗಳಲ್ಲಿ ಅದಕ್ಕೆ ಇರೋದು 3.5 ಎಂಎಂ ಜ್ಯಾಕ್ ಅಥವಾ ಹಳೇ ಎರಡು ಪಿನ್ನಿನ ಸಾಕೆಟ್ ಮಾತ್ರ. ಅಲ್ಲಿಗೆ ಸಿಕ್ಕಿಸೋ ಬ್ಲೂಟೂತ್ ಟ್ರಾನ್ಸ್‌ಮಿಟರ್ ಸಿಗುತ್ತೆ. ಒಂದು ತೊಂದರೆ ಏನಂದ್ರೆ ತುಟಿ ಮೊದಲು, ಮಾತು ಆಮೇಲೆ. ಮಾಮೂಲಿ ಎಸ್‌ಬಿಸಿ ಕೋಡೆಕ್‌ನಲ್ಲಿ ಆಡಿಯೋ ಸುಮಾರು 150ರಿಂದ 250 ಮಿಲಿಸೆಕೆಂಡ್ ತಡ. ಫೋನಿನಲ್ಲಿ ಸಿನಿಮಾ ನೋಡಿದ್ರೆ ಇದು ಗೊತ್ತಾಗಲ್ಲ, ಯಾಕಂದ್ರೆ ಪ್ಲೇಯರ್‌ಗೆ ಈ ತಡ ಗೊತ್ತಿರುತ್ತೆ, ವಿಡಿಯೋವನ್ನೂ ಅಷ್ಟೇ ನಿಧಾನ ಮಾಡುತ್ತೆ. ಸೀಟಿನ ಸ್ಕ್ರೀನ್‌ಗೆ ಜ್ಯಾಕ್ ಆಚೆ ಬ್ಲೂಟೂತ್ ಇದೆ ಅಂತಲೇ ಗೊತ್ತಿಲ್ಲ. ಲೋ ಲೇಟೆನ್ಸಿ ಕೋಡೆಕ್‌ನಲ್ಲಿ ಇದು 40ರ ಆಸುಪಾಸಿಗೆ ಇಳಿಯುತ್ತೆ, ಆದರೆ ಡಾಂಗಲ್, ಹೆಡ್‌ಫೋನ್ ಎರಡರಲ್ಲೂ ಆ ಕೋಡೆಕ್ ಇರಬೇಕು. ಪೇರಿಂಗ್ ಮನೆಯಲ್ಲೇ ಮಾಡ್ಕೊಂಡು ಹೋಗಿ. ಡಾಂಗಲ್‌ಗೆ ಸ್ಕ್ರೀನ್ ಇರಲ್ಲ, ಅಕ್ಕಪಕ್ಕದಲ್ಲಿ ಇನ್ಯಾರೋ ಪೇರಿಂಗ್ ಮೋಡ್‌ನಲ್ಲಿದ್ರೆ ಅವರಿಗೆ ಅಂಟ್ಕೊಂಡು ಬಿಡಬಹುದು. ದೊಡ್ಡ ಹೆಡ್‌ಫೋನ್‌ಗೆ ಕೇಬಲ್ ಬಂದಿದ್ರೆ ಅದನ್ನೇ ತಗೊಂಡು ಹೋಗೋದು ಎಲ್ಲಕ್ಕಿಂತ ಸುಲಭ. ನಾಯ್ಸ್ ಕ್ಯಾನ್ಸಲೇಶನ್‌ಗೆ ಬ್ಲೂಟೂತ್ ಬೇಕಾಗಿಲ್ಲ. ಅಂದ ಹಾಗೆ ಅಮರ್ ಬೋಸ್‌ಗೆ ಆ ಐಡಿಯಾ ಹೊಳೆದದ್ದೂ 1978ರಲ್ಲಿ ಒಂದು ವಿಮಾನದಲ್ಲೇ. ಆದರೆ ಟೇಕಾಫ್, ಲ್ಯಾಂಡಿಂಗ್‌ನಲ್ಲಿ ಕಿವಿ ತೆರೆದಿರಲಿ. ಇಳಿದು ಓಡಿ ಅಂತ ಹೇಳಿದ್ರೆ ಕೇಳಿಸಬೇಕಲ್ಲ.

ಇಷ್ಟೆಲ್ಲ ರೇಡಿಯೋ ಬಗ್ಗೆ ಮಾತಾಡಿದ್ವಿ, ಆದರೆ ಹೆಡ್‌ಫೋನ್‌ನಿಂದ ವಿಮಾನದಲ್ಲಿ ನಿಜವಾಗಿ ಆದ ಅನಾಹುತ ನೋಡಿದ್ರೆ ಅಲ್ಲಿ ರೇಡಿಯೋ ಪಾತ್ರವೇ ಇಲ್ಲ. 2017ರ ಫೆಬ್ರವರಿಯಲ್ಲಿ ಬೀಜಿಂಗ್‌ನಿಂದ ಮೆಲ್ಬರ್ನ್‌ಗೆ ಹೋಗ್ತಿದ್ದ ವಿಮಾನದಲ್ಲಿ ನಿದ್ದೆ ಮಾಡ್ತಿದ್ದ ಮಹಿಳೆಯೊಬ್ಬರ ಹೆಡ್‌ಫೋನ್ ಬ್ಯಾಟರಿ ಸಿಡಿದು ಮುಖ, ಕೈ ಸುಟ್ಟಿತು. ಕಿತ್ತು ನೆಲಕ್ಕೆ ಎಸೆದರು, ಸಿಬ್ಬಂದಿ ನೀರು ಸುರಿದರು, ಕರಗಿದ ಬ್ಯಾಟರಿ ನೆಲಕ್ಕೆ ಅಂಟಿಕೊಂಡಿತ್ತು. ಲಿಥಿಯಂ ಬ್ಯಾಟರಿ ಬಿಸಿಯಾಗೋಕೆ ಶುರುವಾದ್ರೆ ಆ ಬಿಸಿನೇ ಇನ್ನಷ್ಟು ಬಿಸಿ ಮಾಡುತ್ತೆ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳನ್ನ ಚೆಕ್-ಇನ್ ಬ್ಯಾಗಿಗೆ ಹಾಕಬಾರದು, ಜೊತೆಯಲ್ಲೇ ಇರಬೇಕು ಅನ್ನೋದು ಇದಕ್ಕೇ: ಕೆಳಗಿನ ಹೋಲ್ಡ್‌ನಲ್ಲಿ ಹೊತ್ತಿಕೊಂಡ್ರೆ ನೀರು ಸುರಿಯೋಕೆ ಯಾರೂ ಇರಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. ನಿಮ್ಮ 20,000 ಎಂಎಎಚ್ ಪವರ್ ಬ್ಯಾಂಕ್‌ನ 3.7 ವೋಲ್ಟ್‌ನಿಂದ ಗುಣಿಸಿದ್ರೆ 74, ಮಿತಿಯೊಳಗೇ ಇದೆ. ಬಡ್ಸ್ ಕೇಸ್ ಒಂದೆರಡು ವ್ಯಾಟ್-ಅವರ್ ಅಷ್ಟೇ.

ಒಂದು ಬಡ್ಡೋ ಫೋನೋ ಜಾರಿ ಸೀಟಿನ ಸಂದಿಗೆ ಬಿತ್ತು ಅಂದ್ಕೊಳ್ಳಿ. ಹುಡುಕೋಕೆ ಅಂತ ಸೀಟನ್ನ ಹಿಂದೆ ಮುಂದೆ ಮಾಡಬೇಡಿ. ಸೀಟಿನ ಮೆಕ್ಯಾನಿಸಂ ಅದನ್ನ ಜಜ್ಜಿದ್ರೆ ಬ್ಯಾಟರಿ ಒಳಗೆ ಶಾರ್ಟ್ ಆಗುತ್ತೆ. ಎದ್ದು ನಿಂತು ಕ್ರೂ ಕರೆಯೋ ಬಟನ್ ಒತ್ತಿ, ಅವರೇ ಬಂದು ತೆಗೀತಾರೆ.